ಸಂಜೆ ಆರರಿಂದ ಎಂಟು: ಹೋಮ್‌ವರ್ಕ್ ಹೊತ್ತಿನ ಮನೆಗಾಳಿ

ಗವಾಕ್ಷಿ

ಮಕ್ಕಳಿಗೆ ಕೆಮ್ಮು, ಮೂಗು ಕಟ್ಟೋದು ಅಂದ ಕೂಡಲೇ ಎಲ್ಲರ ಬೆರಳೂ ರಸ್ತೆ ಕಡೆಗೆ ಹೋಗುತ್ತೆ. ಒಮ್ಮೆ ಗಡಿಯಾರ ನೋಡಿ. ಸ್ಕೂಲಿಂದ ಬಂದ ಮಗು ಓದೋಕೆ ಕೂರೋದು ಆರಕ್ಕೆ. ಅದೇ ಹೊತ್ತಿಗೆ ದೇವರ ಮುಂದೆ ದೀಪ, ಎರಡು ಊದುಬತ್ತಿ. ಸೊಳ್ಳೆ ಬರುತ್ತೆ ಅಂತ ಕಿಟಕಿಗಳೆಲ್ಲ ಬಂದ್. ಮೇಜಿನ ಕೆಳಗೆ ಸೊಳ್ಳೆ ಬತ್ತಿ. ಏಳೂವರೆಗೆ ಒಗ್ಗರಣೆ. ಮನೆಯ ಎಲ್ಲ ಹೊಗೆಯೂ ಒಂದೇ ಎರಡು ಗಂಟೆಗೆ ಬಂದು ಸೇರುತ್ತೆ, ಆ ಹೊತ್ತಲ್ಲಿ ಮಗು ಅಲ್ಲಾಡದೆ ಅಲ್ಲೇ ಕೂತಿರುತ್ತೆ.

"ಯಾವ ಪ್ಯೂರಿಫೈಯರ್ (ಗಾಳಿ ಸೋಸೋ ಮಷೀನ್) ತಗೊಳ್ಳಲಿ" ಅನ್ನೋ ಪ್ರಶ್ನೆ ನಮ್ಮ ಈ ಚರ್ಚಾ ಗುಂಪಲ್ಲಿ ಪದೇ ಪದೇ ಬರುತ್ತೆ. ಅದನ್ನು ಕೊನೆಗೆ ಇಡೋಣ. ಗೊತ್ತಿರೋರು ಒಂದೊಂದೇ ವಿಷಯ ಹಿಡಿದು ಬರೀರಿ, ಅಳತೆ ಸಮೇತ.

ಸೆನ್ಸರ್ ಸೂರಿ

ಸೊಳ್ಳೆ ಬತ್ತಿಯಿಂದಲೇ ಶುರು ಮಾಡ್ತೀನಿ. ಒಂದು ಸುರುಳಿ ಪೂರ್ತಿ ಉರಿದರೆ ಹೊರಬರೋ ಸಣ್ಣ ಕಣಗಳ (ಪಿಎಂ 2.5) ತೂಕ 75ರಿಂದ 137 ಸಿಗರೇಟಿಗೆ ಸಮ ಅಂತ 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಳೆದಿದ್ದಾರೆ. ಬ್ರ್ಯಾಂಡಿಂದ ಬ್ರ್ಯಾಂಡಿಗೆ ವ್ಯತ್ಯಾಸ ಇರೋದಕ್ಕೇ ಅಷ್ಟು ದೊಡ್ಡ ಅಂತರ. ಕಾರಣ ಸರಳ. ಬತ್ತಿಯಲ್ಲಿ ಕೀಟನಾಶಕ ಇರೋದು ಚಿಟಿಕೆಯಷ್ಟು, ಉಳಿದದ್ದೆಲ್ಲ ಮರದ ಪುಡಿ, ಚಿಪ್ಪಿನ ಪುಡಿ, ಅಂಟು. ಜ್ವಾಲೆ ಇಲ್ಲದೆ ಬರೀ ಕೆಂಡದಲ್ಲಿ ಬೇಯೋದರಿಂದ ಅರ್ಧಂಬರ್ಧ ಸುಟ್ಟ ಹೊಗೆಯೇ ಜಾಸ್ತಿ.

"ಹೊಗೆ ಇಲ್ಲದ ಬತ್ತಿ" ಅಂತ ಬರೋದರಲ್ಲಿ ಇದ್ದಿಲು ಪುಡಿ ಇರುತ್ತೆ. ಕಣ್ಣಿಗೆ ಹೊಗೆ ಕಾಣಲ್ಲ, ಆದರೆ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಾನಿಲ ಹೆಚ್ಚು ಬರಬಹುದು.

ಹೋಲಿಕೆಗೆ: 24 ಗಂಟೆಯ ಸರಾಸರಿ ಪಿಎಂ 2.5ಗೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇಟ್ಟ ಮಿತಿ ಘನ ಮೀಟರಿಗೆ 15 ಮೈಕ್ರೋಗ್ರಾಂ, ನಮ್ಮ ದೇಶದ 2009ರ ಮಾನದಂಡ 60. ಮುಚ್ಚಿದ ಸಣ್ಣ ಕೋಣೆಯಲ್ಲಿ ಬತ್ತಿ ಹಚ್ಚಿ ಮೀಟರ್ ಇಟ್ಟರೆ ಮೂರಂಕಿ ಕಾಣೋದಕ್ಕೆ ಹೆಚ್ಚು ಹೊತ್ತು ಬೇಡ.

ಮಕ್ಕಳ ಡಾಕ್ಟ್ರು

ಮಕ್ಕಳ ವಿಷಯವೇ ಬೇರೆ ಯಾಕೆ ಅಂದ್ರೆ, ತೂಕಕ್ಕೆ ಹೋಲಿಸಿದರೆ ಅವರು ದೊಡ್ಡವರಿಗಿಂತ ಹೆಚ್ಚು ಗಾಳಿ ಎಳ್ಕೋತಾರೆ. ಶ್ವಾಸಕೋಶ ಹದಿಹರೆಯ ಮುಗಿಯೋವರೆಗೂ ಬೆಳೀತಾ ಇರುತ್ತೆ. ಕೊಳವೆಗಳೇ ಸಣ್ಣ, ಸ್ವಲ್ಪ ಊದಿಕೊಂಡರೂ ಉಬ್ಬಸ.

ಬೆಂಗಳೂರಲ್ಲಿ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ 20,000 ಮಕ್ಕಳ ಲೆಕ್ಕ ಇಟ್ಟಿದ್ದರು. ಅದರಲ್ಲಿ ಆಸ್ತಮಾ ಪ್ರಮಾಣ 1979ರಲ್ಲಿ ಶೇ. 9 ಇದ್ದದ್ದು 1999ರ ಹೊತ್ತಿಗೆ ಶೇ. 29.5 ಆಗಿತ್ತು. ಆಸ್ಪತ್ರೆಗೆ ಬಂದವರ ಲೆಕ್ಕ ಅದು, ಊರಿನ ಎಲ್ಲ ಮಕ್ಕಳದ್ದಲ್ಲ. ಈ ಅಂಕಿಯನ್ನು "ಬೆಂಗಳೂರಿನ ಮೂರರಲ್ಲೊಂದು ಮಗುವಿಗೆ ಆಸ್ತಮಾ" ಅಂತ ವಾಟ್ಸಾಪಲ್ಲಿ ಹಾಕೋರು ಇದನ್ನ ಗಮನಿಸಿ. ಏರಿದ ದಿಕ್ಕು ಮಾತ್ರ ಸ್ಪಷ್ಟ.

ಆರು ವರ್ಷ ದಾಟಿದ, ಉಬ್ಬಸ ಇರುವ ಮಗುವಿಗೆ ಪೀಕ್ ಫ್ಲೋ ಮೀಟರ್ (ಉಸಿರು ಎಷ್ಟು ಜೋರಾಗಿ ಊದಬಲ್ಲರು ಅಂತ ಅಳೆಯೋ ಕೊಳವೆ) ಕೊಡಿಸಿ. ನಿಂತ್ಕೊಂಡು ಮೂರು ಸಲ ಊದಿಸಿ, ಮೂರರಲ್ಲಿ ದೊಡ್ಡ ಸಂಖ್ಯೆ ಮಾತ್ರ ಬರೀರಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಎರಡು ವಾರ ಈಗಿರೋ ಹಾಗೇ, ಆಮೇಲೆ ಎರಡು ವಾರ ಬತ್ತಿ ಊದುಬತ್ತಿ ಇಲ್ಲದೆ. ಒಂದೇ ಸಲಕ್ಕೆ ಐದು ವಿಷಯ ಬದಲಾಯಿಸಿದರೆ ಯಾವುದರಿಂದ ಗುಣ ಆಯ್ತು ಅಂತ ಗೊತ್ತಾಗಲ್ಲ. ಇನ್ಹೇಲರ್ ಬರೆದುಕೊಟ್ಟಿದ್ದರೆ "ಗಾಳಿ ಸರಿ ಆಯ್ತಲ್ಲ" ಅಂತ ನೀವೇ ನಿಲ್ಲಿಸಬೇಡಿ.

ಉಸಿರೆಳೆದಾಗ ಪಕ್ಕೆ ಒಳಕ್ಕೆ ಹೋಗೋದು, ಒಂದು ವಾಕ್ಯ ಪೂರ್ತಿ ಹೇಳೋಕಾಗದೆ ಇರೋದು, ತುಟಿ ನೀಲಿ ಆಗೋದು: ಇವು ಕಂಡರೆ ಈ ಚರ್ಚೆ ಓದ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ.

ಬಸವನಗುಡಿ ಸೊಳ್ಳೆ

ಬತ್ತಿ ಬೇಡ ಸರಿ, ಡೆಂಗಿ ಬಂದ್ರೆ? ಲಿಕ್ವಿಡ್ ಮಷೀನ್ ಪರವಾಗಿಲ್ವಾ?

ಗವಾಕ್ಷಿ

ಲಿಕ್ವಿಡ್‌ನಲ್ಲಿ ಸುಡೋದೇನೂ ಇಲ್ಲದ್ದರಿಂದ ಹೊಗೆ ಕಣ ಇರಲ್ಲ, ಬತ್ತಿಗಿಂತ ಎಷ್ಟೋ ವಾಸಿ. ಆದರೂ ಅದು ಕೀಟನಾಶಕವೇ. ಬಾಗಿಲು ಮುಚ್ಚಿ ತಲೆದಿಂಬಿನ ಪಕ್ಕದ ಪ್ಲಗ್ಗಿಗೆ ಹಾಕೋದಲ್ಲ. ಮಗು ಮಲಗೋಕೆ ಒಂದು ಗಂಟೆ ಮುಂಚೆ ಹಾಕಿ, ಮಲಗುವಾಗ ಆಫ್ ಮಾಡಿ, ಸೊಳ್ಳೆ ಪರದೆ ಕಟ್ಟಿ. ಬೀದಿಯಲ್ಲಿ ಮಾರೋ "ಹರ್ಬಲ್" ಸೊಳ್ಳೆ ಊದುಬತ್ತಿ ಮಾತ್ರ ಬೇಡವೇ ಬೇಡ. ಪೊಟ್ಟಣದ ಮೇಲೆ ಸಿಐಆರ್ ಸಂಖ್ಯೆ (ಕೀಟನಾಶಕ ನೋಂದಣಿ) ಇಲ್ಲದಿದ್ದರೆ ಒಳಗೆ ಏನಿದೆ ಅಂತ ಯಾರಿಗೂ ಗೊತ್ತಿಲ್ಲ.

ನಿಜವಾದ ಪರಿಹಾರ ಕಿಟಕಿ ಮೆಶ್. ಮೆಶ್ ಹಾಕಿದ್ರೂ ಸೊಳ್ಳೆ ಬರುತ್ತೆ ಅನ್ನೋರ ಮನೆಯಲ್ಲಿ ತಪ್ಪಿರೋದು ಸಾಮಾನ್ಯವಾಗಿ ಈ ಜಾಗಗಳಲ್ಲಿ:

ಬಚ್ಚಲಿನ ಗಾಜಿನ ಪಟ್ಟಿಯ ವೆಂಟಿಲೇಟರ್. ಎಲ್ಲ ಕಿಟಕಿಗೂ ಮೆಶ್ ಹಾಕಿ ಇದೊಂದನ್ನು ಮರೀತಾರೆ. ಎಕ್ಸಾಸ್ಟ್ ಫ್ಯಾನಿನ ತೂತು. ಅದಕ್ಕೆ ತಾನಾಗಿ ಮುಚ್ಚಿಕೊಳ್ಳೋ ಪಟ್ಟಿ ಇರೋದನ್ನ ಹಾಕಿಸಿ. ಸ್ಲೈಡಿಂಗ್ ಕಿಟಕಿಯ ಎರಡು ಬಾಗಿಲು ಸೇರೋ ಕಡೆಯ ಸಂದು. ಅಲ್ಲಿಗೆ ಬ್ರಷ್ ಪಟ್ಟಿ ಬೇಕು. ಇನ್ನು ವೆಲ್ಕ್ರೋ ಮೆಶ್: ಅಂಟಿಸೋ ಮುಂಚೆ ಫ್ರೇಮನ್ನ ಸ್ಪಿರಿಟ್‌ನಲ್ಲಿ ಒರೆಸದಿದ್ದರೆ, ಅಥವಾ ಡಿಸ್ಟೆಂಪರ್ ಗೋಡೆಗೇ ಅಂಟಿಸಿದರೆ, ಬಣ್ಣದ ಸಮೇತ ಕಿತ್ಕೊಂಡು ಬರುತ್ತೆ. ಮೂಲೆಯಲ್ಲಿ ಬೆರಳು ತೂರುವಷ್ಟು ಜಾಗ ಬಿಟ್ಟರೂ ಮೆಶ್ ಇದ್ದೂ ಇಲ್ಲದಂತೆ.

ತಿಂಗಳಿಗೊಮ್ಮೆ ಮೆಶ್ಶನ್ನ ಒದ್ದೆ ಬ್ರಷ್ಷಿಂದ ಉಜ್ಜಿ. ಧೂಳು ತುಂಬಿ ಕಪ್ಪಾದ ಮೆಶ್ ಅರ್ಧ ಮುಚ್ಚಿದ ಕಿಟಕಿ ಇದ್ದ ಹಾಗೆ.

ಡಕ್ಟ್ ಮೇಸ್ತ್ರಿ

ಅಡುಗೆಮನೆ ನನಗೆ ಬಿಡಿ.

ಎಲ್ಲರೂ ಮಾಡೋ ತಪ್ಪು: ಎಕ್ಸಾಸ್ಟ್ ಹಾಕಿ ಅದರ ಪಕ್ಕದ ಕಿಟಕಿಯನ್ನೇ ತೆಗೀತಾರೆ. ಫ್ಯಾನ್ ಆ ಕಿಟಕಿಯ ಗಾಳಿಯನ್ನೇ ಎಳೆದು ಹೊರಗೆ ಹಾಕುತ್ತೆ, ಘಾಟು ನಡುಮನೆ ಹಾಲ್‌ಗೆ ಹೋಗುತ್ತೆ, ಅಲ್ಲಿ ಮಗು ಕೂತಿರುತ್ತೆ. ಅಡುಗೆಮನೆ ಕಿಟಕಿ ಮುಚ್ಚಿ, ಹಾಲ್ ಆಚೆ ತುದಿಯ ಕಿಟಕಿ ತೆಗೀರಿ. ಆಗ ಗಾಳಿ ಹಾಲಿಂದ ಅಡುಗೆಮನೆ ಮೂಲಕ ಹೊರಗೆ ಹೋಗುತ್ತೆ. ಸರಿ ಹೋಗ್ತಿದೆಯಾ ಅಂತ ನೋಡೋಕೆ ಅಡುಗೆಮನೆ ಬಾಗಿಲಲ್ಲಿ ಟಿಶ್ಯೂ ಕಾಗದದ ಪಟ್ಟಿ ನೇತುಹಾಕಿ. ಒಲೆ ಕಡೆಗೆ ವಾಲಿದರೆ ಸರಿ, ಹಾಲ್ ಕಡೆಗೆ ವಾಲಿದರೆ ತಪ್ಪು.

ಒಲೆ ಹಚ್ಚೋ ಐದು ನಿಮಿಷ ಮುಂಚೆ ಫ್ಯಾನ್ ಆನ್, ಆರಿಸಿದ ಮೇಲೂ 15 ನಿಮಿಷ. ಬ್ಯಾಡಗಿ ಮೆಣಸಿನಕಾಯಿ ಹುರಿಯೋದು, ಸಾರಿನ ಪುಡಿ ಮಾಡೋದು ಮಗು ಸ್ಕೂಲಿಗೆ ಹೋದ ಮೇಲೆ ಇಟ್ಟುಕೊಳ್ಳಿ. ಕರಿಯೋದು ಹುರಿಯೋದಕ್ಕೆ ಗೋಡೆ ಕಡೆಯ ಬರ್ನರ್ ಬಳಸಿ, ಚಿಮಣಿ ಹಿಡಿಯೋದು ಅಲ್ಲೇ ಹೆಚ್ಚು.

ಚಿಮಣಿಗೆ ಡಕ್ಟ್ (ಹೊಗೆ ಹೊರಗೆ ಒಯ್ಯೋ ಪೈಪ್) 6 ಇಂಚೇ ಇರಲಿ. ಗೋಡೆ ತೂತು ಸಣ್ಣದಿದೆ ಅಂತ 4 ಇಂಚಿಗೆ ಇಳಿಸಿದರೆ ಸದ್ದು ಜಾಸ್ತಿ, ಎಳೆತ ಕಮ್ಮಿ. ಸುರುಳಿ ಪೈಪನ್ನು ಪೂರ್ತಿ ಎಳೆದು ಹಾಕಿಸಿ, ಒಳಗಿನ ಮಡಿಕೆಯಲ್ಲಿ ಜಿಡ್ಡು ಕೂರುತ್ತೆ. ತಿರುವು ಎರಡಕ್ಕಿಂತ ಹೆಚ್ಚು ಬೇಡ. ಡಕ್ಟ್ ಇಲ್ಲದ ಚಿಮಣಿ ಅಂದ್ರೆ ಜಿಡ್ಡನ್ನಷ್ಟೇ ಹಿಡಿದು ಅದೇ ಗಾಳಿಯನ್ನ ಮುಖಕ್ಕೆ ವಾಪಸ್ ಊದೋ ಪೆಟ್ಟಿಗೆ. ಗ್ಯಾಸ್ ಉರಿದಾಗ ಹುಟ್ಟೋ ನೈಟ್ರೋಜನ್ ಡೈಆಕ್ಸೈಡ್ ಅನ್ನೋ ಕೆಟ್ಟ ಅನಿಲ ಹೋಗಬೇಕಾದ್ರೆ ಹೊರಗೇ ಹೋಗಬೇಕು. ಉರಿ ನೀಲಿ ಇದ್ದರೂ ಅದು ಹುಟ್ಟುತ್ತೆ. ಉರಿ ಹಳದಿ ಆಗಿ ಪಾತ್ರೆ ತಳ ಕಪ್ಪಾಗ್ತಿದ್ರೆ ಬರ್ನರ್ ತೂತು ಕಟ್ಟಿದೆ, ಪಿನ್ನಲ್ಲಿ ಬಿಡಿಸಿ.

ಗ್ಯಾಸ್ ಗೀಸರ್ ಬಗ್ಗೆ ಒಂದೇ ಮಾತು. ಬಚ್ಚಲೊಳಗೆ ಇರಕೂಡದು. ಯುಟಿಲಿಟಿಯಲ್ಲಿ ಇಟ್ಟು ಬಿಸಿನೀರಿನ ಪೈಪ್ ಮಾತ್ರ ಒಳಗೆ ತನ್ನಿ. ಚಳಿಗಾಲದಲ್ಲಿ ವೆಂಟಿಲೇಟರ್‌ಗೆ ರಟ್ಟು ಇಟ್ಟು ಸ್ನಾನ ಮಾಡೋ ಮನೆಗಳಲ್ಲೇ ಸಾವು ಆಗೋದು, ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ. ಮನೆಯವರಿಗೆಲ್ಲ ಒಟ್ಟಿಗೇ ತಲೆನೋವು, ವಾಕರಿಕೆ, ಜ್ವರ ಇಲ್ಲ, ಹೊರಗೆ ಹೋದ್ರೆ ಸರಿ ಅಂದ್ರೆ ಅದೇ ಅನುಮಾನ ಮೊದಲು ಬರಬೇಕು. ಅಲಾರಂ ಹಾಕ್ಸೋರು ಗಮನಿಸಿ: ಕಾರ್ಬನ್ ಮೊನಾಕ್ಸೈಡ್ ಅಲಾರಂ ಮೂಗಿನ ಎತ್ತರದಲ್ಲಿ, ಎಲ್‌ಪಿಜಿ ಸೋರಿಕೆ ಅಲಾರಂ ನೆಲದ ಹತ್ತಿರ. ಎಲ್‌ಪಿಜಿ ಗಾಳಿಗಿಂತ ಭಾರ.

ತೀರ್ಥಹಳ್ಳಿ ಹೆಂಚು

"ಕಿಟಕಿ ತೆಗೀರಿ, ಕಿಟಕಿ ತೆಗೀರಿ" ಅನ್ನೋದು ಬೆಂಗಳೂರಿನ ಸಲಹೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಕಡೆ ಹೊರಗಿನ ತೇವಾಂಶವೇ ಶೇ. 90ರ ಮೇಲೆ. ಕಿಟಕಿ ತೆಗೆದಷ್ಟೂ ಒಳಗೆ ಬೂಸ್ಟು. ಚಪ್ಪಲಿ, ಸ್ಕೂಲ್ ಬ್ಯಾಗು, ಬೀರುವಿನ ಹಿಂದೆ, ಕೊನೆಗೆ ಹೋದ ವರ್ಷದ ನೋಟ್ ಬುಕ್ಕಿಗೂ. ಇಲ್ಲಿನ ಮಕ್ಕಳ ಮಳೆಗಾಲದ ಸೀನು ಕೆಮ್ಮಿಗೆ ರಸ್ತೆ ಹೊಗೆ ಕಾರಣ ಅಲ್ಲ ಸ್ವಾಮಿ, ಈ ಬೂಸ್ಟು ಮತ್ತೆ ಹಾಸಿಗೆಯ ನುಸಿ.

ಮೊದಲು ಒಂದು ತೇವಾಂಶ ಮೀಟರ್ ತಗೊಳ್ಳಿ, ಅದನ್ನ ನಂಬೋ ಮುಂಚೆ ಪರೀಕ್ಷೆ ಮಾಡಿ. ಬಾಟಲ್ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಹನಿ ಹನಿ ನೀರು ಬಿಟ್ಟು ಒದ್ದೆ ಮರಳಿನ ಹದಕ್ಕೆ ತನ್ನಿ. ಉಪ್ಪು ಪೂರ್ತಿ ಕರಗಬಾರದು. ಮುಚ್ಚಳವನ್ನೂ ಮೀಟರನ್ನೂ ಗಾಳಿ ಆಡದ ಡಬ್ಬಿಯಲ್ಲಿ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ 75 ತೋರಿಸಬೇಕು. 69 ತೋರಿಸಿದರೆ ನಿಮ್ಮ ಮೀಟರ್ 6 ಕಮ್ಮಿ ಹೇಳ್ತಿದೆ ಅಂತ ಅದರ ಬೆನ್ನ ಮೇಲೆ ಬರೆದಿಡಿ.

ಮಗು ಮಲಗೋ ಕೋಣೆ ಶೇ. 60ರ ಕೆಳಗೆ ಇರಬೇಕು, 50 ಆದ್ರೆ ನುಸಿಗೆ ಬದುಕೋದು ಕಷ್ಟ. ಮಳೆಗಾಲದಲ್ಲಿ ಡಿಹ್ಯೂಮಿಡಿಫೈಯರ್ (ಗಾಳಿಯ ತೇವ ಹೀರೋ ಮಷೀನ್) ಇಲ್ಲದೆ ಅದು ಆಗೋ ಮಾತಲ್ಲ. ಒಂದೇ ಕೋಣೆ, ಬಾಗಿಲು ಕಿಟಕಿ ಮುಚ್ಚಿ, ಮಧ್ಯಾಹ್ನ ಮೂರ್ನಾಲ್ಕು ಗಂಟೆ ಓಡಿಸಿ. ಕಿಟಕಿ ತೆಗೆದಿಟ್ಟು ಓಡಿಸಿದರೆ ಇಡೀ ಆಗುಂಬೆಯನ್ನೇ ಒಣಗಿಸೋಕೆ ಹೊರಟ ಹಾಗೆ. ಡಬ್ಬಿ ಮೇಲೆ "ದಿನಕ್ಕೆ 20 ಲೀಟರ್" ಅಂತ ಇರೋದು 30 ಡಿಗ್ರಿ, ಶೇ. 80 ತೇವಾಂಶದ ಲೆಕ್ಕ. ಚಳಿ ಹೆಚ್ಚಿದಷ್ಟೂ ಕಮ್ಮಿ ನೀರು ಬರುತ್ತೆ, ಮಷೀನ್ ಕೆಟ್ಟಿದೆ ಅಂದ್ಕೋಬೇಡಿ. ಬಟ್ಟೆಯನ್ನ ಆ ಕೋಣೆಯಲ್ಲಿ ಒಣಗಿಸಬೇಡಿ, ಒಂದು ಮಷೀನ್ ಒದ್ದೆ ಬಟ್ಟೆ ಅಂದ್ರೆ ಎರಡು ಲೀಟರ್ ನೀರನ್ನ ಗಾಳಿಗೆ ಬಿಟ್ಟ ಹಾಗೆ.

ಬೀರು ಗೋಡೆಯಿಂದ ಮೂರು ಇಂಚು ಮುಂದಕ್ಕೆ. ಬೂಸ್ಟನ್ನು ಒಣ ಪೊರಕೆಯಲ್ಲಿ ಗುಡಿಸಬೇಡಿ, ಬೀಜಕಣ ಮನೆ ತುಂಬ ಹಾರುತ್ತೆ. ಎನ್95 ಮಾಸ್ಕ್ ಹಾಕಿ, ಸೋಪು ನೀರಲ್ಲಿ ಒರೆಸಿ, ಬಟ್ಟೆಯನ್ನ ಎಸೆಯಿರಿ. ಬ್ಲೀಚ್ ಹಾಕೋರು ಟಾಯ್ಲೆಟ್ ತೊಳೆಯೋ ಆಸಿಡ್ ಜೊತೆ ಯಾವತ್ತೂ ಸೇರಿಸಬೇಡಿ, ಕ್ಲೋರಿನ್ ಬರುತ್ತೆ. ಗೋಡೆ ನೀರು ಕುಡೀತಿದ್ರೆ ಮೇಲೆ ಎಷ್ಟು ಪೇಂಟ್ ಬಳಿದರೂ ಮುಂದಿನ ಮಳೆಗೆ ಹಪ್ಪಳ ಎದ್ದ ಹಾಗೆ ಏಳುತ್ತೆ. ಹೆಂಚು, ಮಾಡಿನ ನೀರು ಹೋಗೋ ದೋಣಿ ಮೊದಲು ನೋಡಿ.

ಬಚ್ಚಲೊಲೆ

ಮಲೆನಾಡಿನವರು ಹಂಡೆ ಒಲೆ ಮರೆತ್ರಲ್ಲ! ಅಡುಗೆಗೆ ಗ್ಯಾಸ್ ಬಂದು ಎಷ್ಟೋ ವರ್ಷ ಆದರೂ ಸ್ನಾನದ ನೀರಿಗೆ ಈಗಲೂ ಸೋಗೆ, ತೆಂಗಿನ ಸಿಪ್ಪೆ, ಒಣ ಕಟ್ಟಿಗೆ. ಮಕ್ಕಳು ಚಳಿ ಕಾಯಿಸೋದೂ ಅಲ್ಲೇ, ಒಲೆ ಬಾಯಿ ಮುಂದೆ.

ಹೊಗೆ ವಾಪಸ್ ಬರೋದಕ್ಕೆ ಕಾರಣ ಮೂರು. ಒಂದು, ಹೊಗೆಕೊಳವೆ ಸೂರಿನ ಮಟ್ಟಕ್ಕೇ ನಿಂತಿರೋದು. ಮಾಡಿನ ನೆತ್ತಿಗಿಂತ ಎರಡಡಿ ಮೇಲೆ ಹೋಗಬೇಕು, ಮೇಲೆ ಟೋಪಿ. ಎರಡು, ಮಸಿ ಕಟ್ಟಿರೋದು. ಮಳೆಗೆ ಮುಂಚೆ ಒಮ್ಮೆ, ದೀಪಾವಳಿ ಹೊತ್ತಿಗೆ ಒಮ್ಮೆ ಹಗ್ಗಕ್ಕೆ ತೆಂಗಿನ ನಾರಿನ ಉಂಡೆ ಕಟ್ಟಿ ಎಳೀರಿ. ಮೂರು, ಹಸಿ ಕಟ್ಟಿಗೆ. ಒಂದು ಬೇಸಿಗೆ ಪೂರ್ತಿ ಒಣಗದ ಕಟ್ಟಿಗೆ ಮೊದಲು ತನ್ನ ನೀರು ಬೇಯಿಸುತ್ತೆ, ಆಮೇಲೆ ನಿಮ್ಮದು. ಬೆಳಿಗ್ಗೆ ಕೊಳವೆ ತಣ್ಣಗಿದ್ದಾಗ ಎಳೆತ ಇರಲ್ಲ. ಮೊದಲು ಒಣ ಗರಿ ಒಂದು ಹಿಡಿ ಉರಿಸಿ ಕೊಳವೆ ಬಿಸಿ ಮಾಡಿ, ಆಮೇಲೆ ಕಟ್ಟಿಗೆ ಇಡಿ.

ಗೇರು ಬೀಜದ ಸಿಪ್ಪೆ ಮಾತ್ರ ಉರಿಸಬೇಡಿ. ಅದರ ಎಣ್ಣೆ ಚರ್ಮಕ್ಕೆ ಬಿದ್ದರೇ ಬೊಕ್ಕೆ ಏಳಿಸುತ್ತೆ, ಹೊಗೆ ಎದೆಗೆ ಏನು ಮಾಡುತ್ತೆ ಲೆಕ್ಕ ಹಾಕಿ. ಹಾಲಿನ ಪ್ಯಾಕೆಟ್ಟಲ್ಲಿ ಬೆಂಕಿ ಹೊತ್ತಿಸೋದೂ ಬೇಡ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಂತ ಶುರುವಾದ ಆಸ್ತ್ರಾ ತಂಡ ಮಾಡಿದ "ಆಸ್ತ್ರಾ ಒಲೆ" ನೆನಪಿರೋರು ಇರಬಹುದು. ಸುತ್ತ ಮುಚ್ಚಿದ ಉರಿಮನೆ, ಕೆಳಗೆ ಜಾಲರಿ, ಸಾಲಾಗಿ ಮೂರು ಪಾತ್ರೆ, ಕೊನೆಗೆ ಹೊಗೆಕೊಳವೆ. ಹಂಡೆ ಒಲೆಗೂ ಅದೇ ತತ್ವ: ಜಾಲರಿಯ ಕೆಳಗಿಂದ ಗಾಳಿ, ಹಂಡೆ ಸುತ್ತ ಸಂದು ಇಲ್ಲದ ಹಾಗೆ ಮಣ್ಣು ಮೆತ್ತಿದ ಕಟ್ಟೆ.

ಕಲಬುರ್ಗಿ ಬಿಸಿಲು

ನಮ್ ಕಡಿ ಮಳಿನೂ ಇಲ್ಲ ಬೂಸ್ಟೂ ಇಲ್ಲ, ಕೂಲರ್ ಅದ. ಮಾರ್ಚ್‌ದಾಗ ಅಟ್ಟದ ಮ್ಯಾಲಿಂದ ಇಳಿಸಿ ಹಂಗ ನೀರ್ ಹಾಕಿ ಚಾಲೂ ಮಾಡ್ತಾರ. ಹೋದ ವರ್ಷದ ಹುಲ್ಲಿನ ಪ್ಯಾಡ್‌ನಾಗಿನ ಧೂಳ, ಬೂಸ್ಟ ಎಲ್ಲಾ ಮಕ್ಕಳ ಮಾರಿಗೆ. ವರ್ಷಾ ಹೊಸಾ ಪ್ಯಾಡ್ ಹಾಕ್ರಿ. ಕೂಲರ್ ಕಿಡಕಿ ಹೊರಗ ಇಡ್ರಿ, ಎದುರಿನ ಕಿಡಕಿ ತಗದಿಡ್ರಿ. ಎಲ್ಲಾ ಮುಚ್ಚಿದ್ರ ಖೋಲಿ ಜಿಗಿಜಿಗಿ ಆಗ್ತದ, ತಂಪೂ ಆಗಂಗಿಲ್ಲ. ವಾರಕ್ಕೊಮ್ಮೆ ಟ್ಯಾಂಕ್ ಖಾಲಿ ಮಾಡಿ ತಿಕ್ಕಿ ಒಣಗಿಸ್ರಿ, ಇಲ್ಲಂದ್ರ ಡೆಂಗಿ ಸೊಳ್ಳಿ ಅಲ್ಲೇ ಮರಿ ಮಾಡ್ತದ.

ಇನ್ನ ಕೌದಿ. ಭಾಳ ಬೆಚ್ಚಗಿರ್ತದ ಖರೆ, ಆದ್ರ ವರ್ಷಕ್ಕೊಮ್ಮೆ ಒಗದ್ರ ನಡ್ಯಂಗಿಲ್ಲ. ಬಿಸಲಿಗೆ ಹಾಕಿ ಎರಡೂ ಮಗ್ಗಲ ಕೋಲಿಂದ ಬಡೀರಿ, ಮನಿ ಹೊರಗ, ಹುಡುಗ್ರು ಹತ್ತಿರ ಇಲ್ದಾಗ.

ಮಕ್ಕಳ ಡಾಕ್ಟ್ರು

ಕಲಬುರ್ಗಿಯವರ ಮಾತಿಗೆ ಸೇರಿಸ್ತೀನಿ. ಬಿಸಿಲು ಹಾಸಿಗೆಯ ತೇವ ತೆಗೆಯುತ್ತೆ, ಆದರೆ ನುಸಿಯ ಹಿಕ್ಕೆ, ಅಂದರೆ ಅಲರ್ಜಿ ತರೋ ವಸ್ತು, ಉಳಿದೇ ಇರುತ್ತೆ. ಒಗೆಯಲೇಬೇಕು. ಹೊದಿಕೆ, ದಿಂಬಿನ ಕವರ್ ವಾರಕ್ಕೊಮ್ಮೆ 60 ಡಿಗ್ರಿ ನೀರಲ್ಲಿ. ಗೊಂಬೆಗಳನ್ನ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿ ಒಂದು ದಿನ ಇಟ್ಟು ಆಮೇಲೆ ಒಗೆಯಿರಿ. ಸೀಲಿಂಗ್ ಫ್ಯಾನ್ ರೆಕ್ಕೆಯನ್ನ ಹಳೇ ದಿಂಬಿನ ಕವರ್ ತೊಡಿಸಿ ಎಳೆದು ಒರೆಸಿದರೆ ಧೂಳು ಕವರೊಳಗೇ ಬೀಳುತ್ತೆ, ಹಾಸಿಗೆ ಮೇಲಲ್ಲ.

ಮಕ್ಕಳ ಬಟ್ಟೆ ಪೆಟ್ಟಿಗೆಯಲ್ಲಿ ನುಸಿ ಗುಳಿಗೆ ಇಡೋ ಅಭ್ಯಾಸ ಬಿಡಿ. ಅದು ನ್ಯಾಫ್ತಲೀನ್. ಜಿ6ಪಿಡಿ (ಕೆಂಪು ರಕ್ತಕಣವನ್ನ ಕಾಯೋ ಒಂದು ಕಿಣ್ವ) ಕೊರತೆ ಇರುವ ಮಕ್ಕಳಲ್ಲಿ ಕೆಂಪು ರಕ್ತಕಣ ಒಡೆಯಬಹುದು, ಕೊರತೆ ಇದೆ ಅಂತ ಮೊದಲೇ ಗೊತ್ತಿರಲ್ಲ.

ಬಸವನಗುಡಿ ಸೊಳ್ಳೆ

ಎಸಿ ಇದೆ, ಫಿಲ್ಟರ್ ಇದೆ, ಅದು ಸಾಲಲ್ವಾ? ಮತ್ತೆ ಸ್ನೇಕ್ ಪ್ಲಾಂಟ್ ಇಟ್ರೆ?

ಸೆನ್ಸರ್ ಸೂರಿ

ಸ್ಪ್ಲಿಟ್ ಎಸಿ ಹೊರಗಿನ ಗಾಳಿ ಒಳಗೆ ತರೋದೇ ಇಲ್ಲ. ಕೋಣೆ ಗಾಳಿಯನ್ನೇ ತಿರುಗಿಸಿ ತಣ್ಣಗೆ ಮಾಡುತ್ತೆ. ಅದರ ಜಾಳಿಗೆ ನೂಲು, ಕೂದಲು ಹಿಡಿಯೋಕೆ.

ಲೆಕ್ಕ ಹಾಕೋಣ. 10×12 ಅಡಿ ಕೋಣೆ, ಎತ್ತರ 10 ಅಡಿ: 1,200 ಘನ ಅಡಿ, ಸುಮಾರು 34 ಘನ ಮೀಟರ್. ಮಲಗಿದ ದೊಡ್ಡವರು ಇಬ್ಬರು, ಮಗು ಒಂದು. ಮೂವರೂ ಸೇರಿ ಗಂಟೆಗೆ ಸುಮಾರು 35 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡ್ತಾರೆ. ಸಂದೇ ಇಲ್ಲದ ಕೋಣೆ ಆದ್ರೆ ಗಂಟೆಗೆ ಸಾವಿರ ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ ಎಷ್ಟು ಭಾಗ ಅನ್ನೋ ಲೆಕ್ಕ) ಏರಬೇಕು. ಬಾಗಿಲ ಕೆಳಗಿನ ಸಂದಿನ ದಯೆಯಿಂದ ಅಷ್ಟು ಏರಲ್ಲ, ಆದರೂ ಬೆಳಗಿನ ಜಾವಕ್ಕೆ 2,000 ದಾಟೋದು ಮಾಮೂಲು. ಹೊರಗೆ ಇರೋದು ಸುಮಾರು 420. ಆ ಅನಿಲ ಈ ಮಟ್ಟದಲ್ಲಿ ವಿಷ ಅಂತಲ್ಲ. ಒಬ್ಬರು ಬಿಟ್ಟ ಉಸಿರನ್ನ ಇನ್ನೊಬ್ಬರು ಎಷ್ಟು ಎಳೀತಿದ್ದಾರೆ ಅನ್ನೋದಕ್ಕೆ ಅದು ಗುರುತು. ಮನೆಯಲ್ಲಿ ಒಬ್ಬರಿಗೆ ನೆಗಡಿ ಬಂದಾಗ ಅರ್ಥ ಆಗುತ್ತೆ. ಮೆಶ್ ಇರೋ ಕಿಟಕಿ ನಾಲ್ಕು ಬೆರಳು ಓರೆ ಮಾಡಿ, ಕೋಣೆ ಬಾಗಿಲೂ ಸ್ವಲ್ಪ ತೆಗೆದಿಡಿ, ಅಂಕಿ ಇಳಿಯೋದು ಕಾಣುತ್ತೆ.

ಈ ಅನಿಲದ ಮೀಟರ್ ಕೊಳ್ಳುವಾಗ ಎನ್‌ಡಿಐಆರ್ (ಇನ್‌ಫ್ರಾರೆಡ್ ಬೆಳಕಿನಿಂದ ಅಳೆಯೋ) ಸೆನ್ಸರ್ ಅಂತ ಬರೆದಿರಬೇಕು. ಅಗ್ಗದ ಕೆಲವು ಮೀಟರ್ ವಾಸನೆಯಿಂದ ಅಂದಾಜು ಕಟ್ಟುತ್ತವೆ. ಹತ್ತಿರ ಸ್ಯಾನಿಟೈಸರ್ ಹಚ್ಚಿಕೊಂಡ ಕೂಡಲೇ 3,000 ಅಂದ್ರೆ ಅದು ಅಂಥದ್ದೇ.

ಗಿಡ: ಗಿಡ ಗಾಳಿ ಶುದ್ಧ ಮಾಡುತ್ತೆ ಅನ್ನೋರು ತೋರಿಸೋ 1989ರ ನಾಸಾ ಪ್ರಯೋಗ ಮುಚ್ಚಿದ ಪೆಟ್ಟಿಗೆಯೊಳಗೆ ಮಾಡಿದ್ದು. 2019ರ ವಿಮರ್ಶೆಯ ಪ್ರಕಾರ ಮಾಮೂಲಿ ಗಾಳಿ ಸಂಚಾರದಷ್ಟು ಕೆಲಸ ಆಗಬೇಕಾದ್ರೆ ಚದರ ಮೀಟರಿಗೆ 10ರಿಂದ 1,000 ಗಿಡ ಬೇಕು. ಚಂದಕ್ಕೆ ಇಡಿ. ಅಯನೈಸರ್, ಓಜೋನ್ ಮಷೀನ್ ಮಕ್ಕಳ ಕೋಣೆಗೆ ಬೇಡ, ಓಜೋನೇ ಉಬ್ಬಸ ತರುತ್ತೆ.

ಡಕ್ಟ್ ಮೇಸ್ತ್ರಿ

ಈಗ ಪ್ಯೂರಿಫೈಯರ್. ಸೂರಿ ಹೇಳಿದ ಕೋಣೆಗೆ ಗಂಟೆಗೆ ಐದು ಸಲ ಗಾಳಿ ಸೋಸಬೇಕು ಅಂದ್ರೆ 34×5, ಅಂದರೆ ಗಂಟೆಗೆ 170 ಘನ ಮೀಟರ್ ಸಿಎಡಿಆರ್ (ಮಷೀನ್ ಕೊಡೋ ಶುದ್ಧ ಗಾಳಿಯ ಪ್ರಮಾಣ). ಆ ಅಂಕಿ ಸಿಗೋದು ಹೈ ಸ್ಪೀಡಲ್ಲಿ. ಸದ್ದಿಗೆ ಹೆದರಿ ಎಲ್ಲರೂ ಲೋ ಸ್ಪೀಡಲ್ಲಿ ಓಡಿಸೋದು. ಹಾಗಾಗಿ ಬೇಕಾದ್ದಕ್ಕಿಂತ ಒಂದು ಸೈಜ್ ದೊಡ್ಡದು ತಗೊಂಡು ನಡುವಿನ ಸ್ಪೀಡಲ್ಲಿ ಬಿಡಿ. ಗೋಡೆಗೆ ಒತ್ತಬೇಡಿ, ಒಂದಡಿ ಜಾಗ ಬಿಡಿ.

ಸ್ವಂತ ಮಾಡ್ಕೊಳ್ಳೋರಿಗೆ ಕಾರ್ಸಿ-ರೋಸೆಂತಾಲ್ ಪೆಟ್ಟಿಗೆ ಇದೆ, 2020ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. 20×20 ಇಂಚಿನ ಮರ್ವ್-13 (ಸೋಸೋ ಶಕ್ತಿಯ ದರ್ಜೆ) ಮಡಿಕೆ ಫಿಲ್ಟರ್ ನಾಲ್ಕನ್ನ ಚೌಕಾಕಾರ ನಿಲ್ಲಿಸಿ, ಕೆಳಗೆ ರಟ್ಟು, ಮೇಲೆ ಫ್ಯಾನ್, ಗಾಳಿ ಮೇಲಕ್ಕೆ ಊದೋ ಹಾಗೆ. ಫಿಲ್ಟರಿನ ಬಾಣದ ಗುರುತು ಒಳಮುಖ. ಚೌಕ ಫ್ಯಾನ್ ನಮ್ಮಲ್ಲಿ ಸುಲಭಕ್ಕೆ ಸಿಗಲ್ಲ, 16 ಇಂಚಿನ ಟೇಬಲ್ ಫ್ಯಾನ್ ಮಲಗಿಸಬೇಡಿ, ಮೋಟಾರ್ ಅದಕ್ಕಲ್ಲ. ಅದರ ಬದಲು ಒಂದು ಬದಿಯಲ್ಲಿ ಎಕ್ಸಾಸ್ಟ್ ಫ್ಯಾನ್ ನಿಲ್ಲಿಸಿ, ಉಳಿದ ಮೂರು ಬದಿಗೂ ಮೇಲಕ್ಕೂ ಫಿಲ್ಟರ್ ಹಾಕಿ. ಫ್ಯಾನಿಗೆ ಎರಡೂ ಕಡೆ ಜಾಲರಿ ಕಡ್ಡಾಯ, ಮಕ್ಕಳ ಬೆರಳು. ಒಂದೇ ಹೆಪಾ (ಬಲು ಸಣ್ಣ ಕಣ ಹಿಡಿಯೋ ದಟ್ಟ) ಫಿಲ್ಟರಿಗೆ ಸಣ್ಣ ಫ್ಯಾನ್ ಅಂಟಿಸೋದು ವ್ಯರ್ಥ: ಎಕ್ಸಾಸ್ಟ್ ಫ್ಯಾನಿಗೆ ಒತ್ತಡ ತಡೆಯೋ ಶಕ್ತಿ ಇಲ್ಲ, ಗಾಳಿ ನಿಂತೇ ಹೋಗುತ್ತೆ. ಫಿಲ್ಟರಿನ ವಿಸ್ತೀರ್ಣ ಹೆಚ್ಚಿದಷ್ಟೂ ಒಳ್ಳೇದು.

ಬಸವನಗುಡಿ ಸೊಳ್ಳೆ

ಮಾಡಿದ್ದು ಕೆಲಸ ಮಾಡ್ತಿದೆ ಅಂತ ಹೇಗೆ ಗೊತ್ತಾಗುತ್ತೆ?

ಸೆನ್ಸರ್ ಸೂರಿ

ಮಕ್ಕಳು ಮನೇಲಿ ಇಲ್ಲದಾಗ ಕೋಣೆ ಮುಚ್ಚಿ ಒಂದು ಊದುಬತ್ತಿ ಹಚ್ಚಿ. ಪಿಎಂ 2.5 ಮೀಟರ್ 300 ಮುಟ್ಟಿದ ಕೂಡಲೇ ಬತ್ತಿಯನ್ನ ನೀರಲ್ಲಿ ಅದ್ದಿ ಆರಿಸಿ. ಐದು ನಿಮಿಷ ಫ್ಯಾನ್ ತಿರುಗಿಸಿ ಹೊಗೆ ಕಲಸಿ, ಆಮೇಲೆ ಪೆಟ್ಟಿಗೆ ಆನ್ ಮಾಡಿ ಅಂಕಿ ಅರ್ಧ ಆಗೋಕೆ ಎಷ್ಟು ನಿಮಿಷ ನೋಡಿ. 42ನ್ನ ಆ ನಿಮಿಷದಿಂದ ಭಾಗಿಸಿದರೆ ಕೋಣೆ ಗಾಳಿ ಗಂಟೆಗೆ ಎಷ್ಟು ಸಲ ಶುದ್ಧ ಆಗ್ತಿದೆ ಅಂತ ಸಿಗುತ್ತೆ. 10 ನಿಮಿಷ ಆದ್ರೆ 4.2. ಪೆಟ್ಟಿಗೆ ಆಫ್ ಮಾಡಿ ಇನ್ನೊಂದು ಸಲ ಅದೇ ಪರೀಕ್ಷೆ. ಅದರಲ್ಲಿ 35 ನಿಮಿಷ ಬಂದರೆ 1.2. ಕಳೆದರೆ 3, ಅದು ಪೆಟ್ಟಿಗೆಯ ಕೆಲಸ. ಮಂಜು ಬಿದ್ದ ದಿನ, ಮಳೆ ದಿನ ಮಾಡಬೇಡಿ, ತೇವ ಹೆಚ್ಚಿದ್ದರೆ ಲೇಸರ್ ಮೀಟರ್ ನೀರಿನ ಕಣವನ್ನೂ ಧೂಳು ಅಂತ ಎಣಿಸುತ್ತೆ.

ಬಸವನಗುಡಿ ಸೊಳ್ಳೆ

ಊದುಬತ್ತಿ ಅಂದ್ರಲ್ಲ, ನಮ್ಮತ್ತೆ ಸಂಜೆ ದೀಪಕ್ಕೆ ಊದುಬತ್ತಿ ಬಿಡೋರಲ್ಲ.

ಗವಾಕ್ಷಿ

ಬಿಡೋದು ಬೇಡ, ಜಾಗ ಬದಲಾಯಿಸಿ. ಒಂದೇ ಕಡ್ಡಿ, ತುಳಸಿ ಕಟ್ಟೆಗೆ ಇಲ್ಲವೇ ಬಾಲ್ಕನಿಗೆ. ದೇವರ ಮುಂದೆಯೇ ಆಗಬೇಕು ಅಂದ್ರೆ ಕಡ್ಡಿಯನ್ನ ಅರ್ಧ ಮುರಿದು ಹಚ್ಚಿ, ಮಂಗಳಾರತಿ ಮುಗಿದ ಮೇಲೆ ಮರಳಲ್ಲಿ ಊರಿ ಆರಿಸಿ. ಓದೋ ಮೇಜು ದೇವರ ಮನೆ ಪಕ್ಕದಲ್ಲಿದ್ದರೆ ಮೇಜನ್ನೇ ಆಚೆ ಕೋಣೆಗೆ ಸರಿಸಿ, ಅತ್ತೆಯವರಿಗಿಂತ ಮೇಜು ಸುಲಭ. ದೀಪದ ಬತ್ತಿ ದಪ್ಪ ಇದ್ದು ಕರಿ ಹೊಗೆ ಬಂದರೆ ತುದಿಯನ್ನ ಒಳಕ್ಕೆ ಎಳೆದು ಸಣ್ಣ ಮಾಡಿ.

ಬಸವನಗುಡಿ ಸೊಳ್ಳೆ

ಪೆಟ್ಟಿಗೆ ಪರೀಕ್ಷೆ: ಆನ್ ಇದ್ದಾಗ ಅರ್ಧ ಆಗೋಕೆ 26 ನಿಮಿಷ, ಆಫ್ ಇದ್ದಾಗ 33.

ಡಕ್ಟ್ ಮೇಸ್ತ್ರಿ

1.6ರಲ್ಲಿ 1.3 ಕಳೆದರೆ ಉಳಿಯೋದು 0.3, ಪೆಟ್ಟಿಗೆ ಹೆಚ್ಚುಕಮ್ಮಿ ಏನೂ ಮಾಡ್ತಿಲ್ಲ. ಎಲ್ಲೋ ಟೇಪ್ ಬಿಟ್ಟಿದೆ, ಅಥವಾ ಫ್ಯಾನ್ ಸುತ್ತಲಿನ ರಟ್ಟಿನ ತೂತು ರೆಕ್ಕೆಗಿಂತ ದೊಡ್ಡದಾಗಿ ಗಾಳಿ ಅಲ್ಲೇ ವಾಪಸ್ ಒಳಗೆ ಹೋಗ್ತಿದೆ. ಫ್ಯಾನ್ ಆನ್ ಮಾಡಿ ಹತ್ತಿಯ ಎಳೆ ಒಂದನ್ನ ಪ್ರತಿ ಮೂಲೆಗೂ, ಫ್ಯಾನ್ ಅಂಚಿಗೂ ಹಿಡೀರಿ. ಎಲ್ಲಿ ಎಳೆ ಒಳಕ್ಕೆ ಸೆಳೆಯುತ್ತೋ ಅಲ್ಲಿ ಟೇಪ್ ಹಾಕಿ ಮತ್ತೆ ಅಳೆಯಿರಿ.